ದೂರದ ದಾರಿಯ ಸೈಕಲ್ಲು

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವ ವಾಹನಗಳು ಕೆಲವೇ: ಆನೆ, ಕುದುರೆ, ರಥ, ಪಲ್ಲಕ್ಕಿ, ಬಹಳವಾದರೆ ಹೊಗೆ ಉಗುಳುವ ರೈಲು. ಪಾಪ, ಸೈಕಲ್ಲಿಗೆ ಆ ಮೆರವಣಿಗೆಯಲ್ಲಿ ಸ್ಥಳವಿಲ್ಲ. ಅದನ್ನು ಏರಿದವರು ಅರಸರಲ್ಲ, ದಂಡನಾಯಕರಲ್ಲ. ಅಂಚೆಯವರು, ಸಾಲೆಯ ಮಾಸ್ತರರು, ಹಾಲು ಮಾರುವವರು, ಸಂತೆಗೆ ಗಂಟು ಹೊತ್ತವರು. ಆದರೂ ಮನುಷ್ಯನು ತನ್ನ ಕಾಲಿನ ಬಲವೊಂದನ್ನೇ ನಂಬಿ ನೂರಾರು ಹರದಾರಿ ಹೋಗಬಲ್ಲೆನೆಂದು ಪಂತ ಕಟ್ಟಿದ್ದು ಈ ಬಡ ವಾಹನದ ಮೇಲೆಯೇ. ಆ ಪಂತಕ್ಕೆ ಈಗ ನೂರಮೂವತ್ತು ವರ್ಷ ದಾಟಿವೆ. ಅದರ ಚರಿತ್ರೆಯುದ್ದಕ್ಕೂ ಎರಡು ಪ್ರಶ್ನೆಗಳು ಒಂದನ್ನೊಂದು ಬೆನ್ನಟ್ಟಿ ಬಂದಿವೆ. ಯಾವ ಸೈಕಲ್ಲನ್ನು ಏರಬೇಕು? ಇಳಿದ ಮೇಲೆ ಈ ಮೈ ಮತ್ತೆ ಮೊದಲಿನಂತಾಗುವುದು ಯಾವಾಗ?

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕಾರಣ ನನ್ನ ತಂಗಿಯ ಮಗ. ಈಗಿನ ಹುಡುಗರಲ್ಲಿ ದೂರದ ಸೈಕಲ್ ಸವಾರಿಯ ಹವ್ಯಾಸ ಬೆಳೆದಿದೆ. ಫ್ರಾನ್ಸ್ ದೇಶದ ಒಂದು ಹಳೆಯ ಸಂಘದ ನಿಯಮಗಳಂತೆ ನಮ್ಮ ಬೆಂಗಳೂರು, ಹುಬ್ಬಳ್ಳಿಗಳಲ್ಲಿಯೂ ಇಂಥ ಸವಾರಿಗಳು ನಡೆಯುತ್ತವೆ. ಅವುಗಳಿಗೆ ಬ್ರೆವೆ ಎಂದು ಹೆಸರು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆಯೊಳಗೆ, 400ನ್ನು 27 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಮೊದಲಿಗ, ಎರಡನೆಯವ ಎಂಬ ಲೆಕ್ಕ ಇಲ್ಲಿಲ್ಲ. ಆದರೆ ಹಿಂದೆ ಮೋಟಾರು ಬರುವಂತಿಲ್ಲ. ಪಂಕ್ಚರಾದರೆ ತಾನೇ ತಿದ್ದಬೇಕು, ಹಸಿದರೆ ತಾನೇ ಅಂಗಡಿ ಹುಡುಕಬೇಕು. ಈ ನಾಲ್ಕೂ ದೂರಗಳನ್ನು ನವೆಂಬರಿನಿಂದ ಅಕ್ಟೋಬರಿನವರೆಗಿನ ಒಂದೇ ವರ್ಷದಲ್ಲಿ ಮುಗಿಸಿದವರಿಗೆ ಒಂದು ಬಿರುದೂ ಉಂಟು.

ನನ್ನ ಸೋದರಳಿಯ ಗೆಳೆಯನಿಂದ ಎರವಲು ತಂದ ಪಂದ್ಯದ ಸೈಕಲ್ಲಿನ ಮೇಲೆ 600 ಕಿಲೋಮೀಟರನ್ನು 38 ಗಂಟೆಗಳಲ್ಲಿ ಮುಗಿಸಿದ. ಮನೆಗೆ ಬಂದಾಗ ಮುಖದಲ್ಲಿ ಗೆಲುವು ಇತ್ತು. ಬಲಗೈಯ ಕಿರುಬೆರಳು, ಉಂಗುರದ ಬೆರಳುಗಳಲ್ಲಿ ಸ್ಪರ್ಶವಿರಲಿಲ್ಲ. ರೊಟ್ಟಿ ಮುರಿಯಲು ಆಗಲೊಲ್ಲದು, ಅಂಗಿಯ ಗುಂಡಿ ಹಾಕಲು ಆಗಲೊಲ್ಲದು. ಎರಡು ದಿನ ಮೈಯ ಭಾರವನ್ನೆಲ್ಲ ಅಂಗೈಯ ಮೇಲೆ ಹೊತ್ತದ್ದರಿಂದ ಮಣಿಕಟ್ಟಿನಲ್ಲಿ ನರ ಅದುಮಿದೆ, ಕೈಗೆ ವಿಶ್ರಾಂತಿ ಕೊಡಬೇಕು ಎಂದು ವೈದ್ಯರು ಹೇಳಿದರು. ಮೂರು ವಾರ ಕಳೆಯಿತು. ಬೆರಳು ಅರ್ಧ ಮಾತ್ರ ಎಚ್ಚರಗೊಂಡಿತ್ತು. ಆಗ ನನಗೆ ಫೋನು ಬಂತು: "ಮಾಮಾ, ಇನ್ನ ನಾಕನೂರರದ್ದ ಒಂದ ಉಳದದ. ಅಕ್ಟೋಬರ್ ಮುಗಿಯೂದ್ರಾಗ ಮುಗಸಬೇಕು. ಈ ಸಲ ನನ್ನದ ಸೈಕಲ್ ತಗೋತೀನಿ. ಯಾವುದ ತಗೊಳ್ಳಲಿ ಹೇಳ್ರಿ."

ಯಾವುದು ತಗೊಳ್ಳಲಿ ಎಂದು ಕೇಳಿದನೇ ಹೊರತು ಯಾವಾಗ ಹೋಗಲಿ ಎಂದು ಕೇಳಲಿಲ್ಲ. ನಾನು ವೈದ್ಯನಲ್ಲ, ಮೇಸ್ತ್ರಿಯೂ ಅಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಮಾಸ್ತರನಾದವನು ಮಾಡುವುದನ್ನೇ ನಾನೂ ಮಾಡಿದೆ. ಹಿಂದಿನವರು ಏನು ಮಾಡಿದರೆಂದು ನೋಡತೊಡಗಿದೆ.

ಮೊದಲು ಸಿಕ್ಕಿದ್ದು 1891ರ ಸೆಪ್ಟೆಂಬರ್ 6. ಅಂದು ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ, ಸುಮಾರು 1,200 ಕಿಲೋಮೀಟರ್ ದೂರದ ಪಂದ್ಯಕ್ಕೆ ಇನ್ನೂರರಷ್ಟು ಸವಾರರು ಹೊರಟರು. ಏರ್ಪಡಿಸಿದವನು ಪಿಯರ್ ಗಿಫಾರ್ ಎಂಬ ಪತ್ರಿಕೋದ್ಯಮಿ. ಹೊರಟ ಸೈಕಲ್ಲಿನಲ್ಲಿಯೇ ಹಿಂದಿರುಗಬೇಕೆಂಬುದು ನಿಯಮ. ಗೆದ್ದವನು ಶಾರ್ಲ್ ತೆರೋಂ. ತೆಗೆದುಕೊಂಡ ಕಾಲ 71 ಗಂಟೆ 22 ನಿಮಿಷ. ಅವನ ಗೆಲುವಿಗೆ ಎರಡು ಕಾರಣಗಳನ್ನು ಹೇಳುತ್ತಾರೆ. ಒಂದು, ಅವನ ಗಾಲಿಗಳಿಗೆ ಮಿಷೆಲಿನ್ ಕಂಪನಿಯವರ ಗಾಳಿ ತುಂಬುವ ಟೈರುಗಳಿದ್ದವು. ಗಟ್ಟಿ ರಬ್ಬರಿನ ಪಟ್ಟಿಯ ಮೇಲೆ ಉರುಳುತ್ತಿದ್ದ ಆ ಕಾಲದಲ್ಲಿ ಅದು ಹೊಸ ವಿದ್ಯೆ. ಎರಡು, ಅವನು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಮುಂದಿದ್ದ ಝಿಯೆಲ್-ಲವಾಲ್ ಎಂಬವನು ದಾರಿಯ ಒಂದು ಊರಿನಲ್ಲಿ ಮಲಗಿದ್ದಾಗ ತೆರೋಂ ಸದ್ದಿಲ್ಲದೆ ದಾಟಿ ಮುಂದಾದನು.

ದೂರದ ಸವಾರಿಗೆ ಒಳ್ಳೆಯ ಬುದ್ಧಿಯೂ ಕೆಟ್ಟ ಬುದ್ಧಿಯೂ ಈ ಒಂದೇ ಗೆಲುವಿನಿಂದ ಬಂದವು ಎಂದು ನನಗೆ ತೋರುತ್ತದೆ. ಗಾಳಿಯ ಟೈರು ಒಳ್ಳೆಯ ಬುದ್ಧಿ. ಅದು ವೇಗಕ್ಕೆ ಮಾತ್ರವಲ್ಲ, ಮೈಗೂ ಬಂದ ಉಪಕಾರ. ದಾರಿಯ ಪೆಟ್ಟನ್ನು ಬೆನ್ನಿಗೂ ಅಂಗೈಗೂ ಮುಟ್ಟಗೊಡದೆ ತಾನೇ ನುಂಗಿಕೊಂಡಿತು. ನಿದ್ದೆಗೆಟ್ಟವನೇ ಗೆಲ್ಲುತ್ತಾನೆಂಬುದು ಕೆಟ್ಟ ಬುದ್ಧಿ. ಮಲಗಿದವನು ಸೋತದ್ದನ್ನು ಎಲ್ಲರೂ ನೆನಪಿಟ್ಟರು. ಗೆದ್ದವನ ದೇಹ ಎಷ್ಟು ದಿನಕ್ಕೆ ಸರಿಹೋಯಿತೆಂದು ಕೇಳಿದವರು ಕಡಮೆ.

ಹನ್ನೆರಡು ವರ್ಷಗಳ ತರುವಾಯ, 1903ರ ಜುಲೈಯಲ್ಲಿ, ಹಾನ್ರಿ ದೆಗ್ರಾಂಜ್ ಎಂಬ ಸಂಪಾದಕನು ಫ್ರಾನ್ಸನ್ನೇ ಸುತ್ತುವ ಪಂದ್ಯವನ್ನು ಆರಂಭಿಸಿದ. 2,428 ಕಿಲೋಮೀಟರು, ಆರು ಹಂತ. ಮೊದಲನೆಯ ಹಂತವೇ 467 ಕಿಲೋಮೀಟರು. ಅರವತ್ತು ಮಂದಿ ಹೊರಟರು, ಇಪ್ಪತ್ತೊಂದು ಮಂದಿ ಮುಗಿಸಿದರು. ಇಂಥ ಕಠೋರ ಪಂದ್ಯದಲ್ಲಿಯೂ ಒಂದು ಕಡೆಯ ಹೊರತಾಗಿ ಹಂತ ಹಂತಗಳ ನಡುವೆ ದಿನಗಳ ಬಿಡುವು ಇತ್ತು. ದೇಹಕ್ಕೆ ಅದರ ಪಾಲನ್ನು ಕೊಡದೆ ಮುಂದಿನ ಹಂತ ಸಾಗದೆಂಬುದು ಲೆಕ್ಕ ಬಲ್ಲ ಸಂಪಾದಕನಿಗೂ ತಿಳಿದಿತ್ತು. ಆದರೆ ಸೈಕಲ್ಲಿನ ವಿಷಯದಲ್ಲಿ ಅವನು ಬಹು ಹಟಮಾರಿ. ಪರರ ನೆರವನ್ನು ಪಡೆಯದೆ ಸವಾರನೇ ತನ್ನ ಬಂಡಿಯನ್ನು ದುರಸ್ತಿ ಮಾಡಿಕೊಳ್ಳಬೇಕೆಂದು ಅವನ ಕಟ್ಟಳೆ.

ಆ ಕಟ್ಟಳೆಯ ಕಥೆ 1913ರಲ್ಲಿ ಪಿರನೀಸ್ ಪರ್ವತದಲ್ಲಿ ನಡೆಯಿತು. ಯುಜೀನ್ ಕ್ರಿಸ್ತೋಫ್ ಎಂಬ ಸವಾರನು ತುರ್ಮಾಲೆ ಕಣಿವೆಯನ್ನು ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಸೈಕಲ್ಲನ್ನು ಹೆಗಲಿಗೇರಿಸಿ ಅವನು ಹತ್ತು ಕಿಲೋಮೀಟರಿಗೂ ಮಿಗಿಲಾಗಿ ನಡೆದು, ಸ್ಯಾಂತ್ ಮರಿ ದ ಕಾಂಪಾಂ ಎಂಬ ಹಳ್ಳಿಯನ್ನು ಸೇರಿ, ಅಲ್ಲಿಯ ಕಮ್ಮಾರಸಾಲೆಯಲ್ಲಿ ಕಬ್ಬಿಣ ಕಾಸಿ, ತಾನೇ ಬೆಸೆದು ಕೂಡಿಸಿದ. ಗಂಟೆಗಟ್ಟಲೆ ಹಿಡಿಯಿತು. ಪಂದ್ಯದ ಅಧಿಕಾರಿಗಳು ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದರು. ಎರಡು ಕೈಯಲ್ಲಿ ಕಬ್ಬಿಣ ಹಿಡಿದವನು ತಿದಿಯನ್ನು ಊದುವುದು ಹೇಗೆ? ಕುಲುಮೆಯ ಹುಡುಗನೊಬ್ಬ ತಿದಿ ಒತ್ತಿದ. ಅಷ್ಟಕ್ಕೆ ಹತ್ತು ನಿಮಿಷಗಳ ದಂಡ ಬಿತ್ತು; ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ಆದರೂ ಕ್ರಿಸ್ತೋಫ್ ಆ ವರ್ಷ ಏಳನೆಯವನಾಗಿ ಪಂದ್ಯ ಮುಗಿಸಿದ. 1919ರಲ್ಲಿ ಮುಂದಾಳಿನ ಹಳದಿ ಅಂಗಿಯನ್ನು ಮೊಟ್ಟಮೊದಲು ತೊಟ್ಟವನೂ ಅವನೇ. ಆ ವರ್ಷವೂ ಗೆಲುವಿನ ಹೊಸ್ತಿಲಲ್ಲಿ ಅವನ ಫೋರ್ಕ್ ಮುರಿಯಿತು.

ಈ ಕಥೆಯನ್ನು ಕೇಳಿದವರು ದೆಗ್ರಾಂಜನ ಕ್ರೌರ್ಯವನ್ನು ಬೈಯುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಫೋರ್ಕ್ ಉಕ್ಕಿನದಾಗಿತ್ತು, ಆದುದರಿಂದಲೇ ಹಳ್ಳಿಯ ಕುಲುಮೆ ಅದನ್ನು ಕೂಡಿಸಿತು. ಇಂದಿನ ಪಂದ್ಯದ ಸೈಕಲ್ಲುಗಳ ಫೋರ್ಕ್, ಚೌಕಟ್ಟುಗಳು ಬಹುಮಟ್ಟಿಗೆ ಕಾರ್ಬನ್ನಿನವು. ಹಗುರವೆಂದರೆ ಹಗುರ, ಎತ್ತಿದರೆ ಮಗುವಿನಂತೆ ಬರುತ್ತದೆ. ಆದರೆ ಅದು ಸೀಳಿದರೆ ನಮ್ಮ ಯಾವ ಊರಿನ ಕಮ್ಮಾರನೂ ಏನೂ ಮಾಡಲಾರ. ದೂರದ ದಾರಿಗೆ ಸೈಕಲ್ಲನ್ನು ಆರಿಸುವವನು ಅದು ಎಷ್ಟು ವೇಗ ಎಂದು ಕೇಳುವ ಮೊದಲು, ಮುರಿದರೆ ಎಲ್ಲಿ ಕೂಡೀತು ಎಂದು ಕೇಳಬೇಕು. ಆ ಮಾತು ಮೈಗೂ ಸಲ್ಲುತ್ತದೆ.

ದೆಗ್ರಾಂಜನಿಗೆ ಎದುರಾಗಿ ನಿಂತ ಒಬ್ಬ ಮಹನೀಯನ ಹೆಸರನ್ನು ಇಲ್ಲಿ ಹೇಳಲೇಬೇಕು. ಸಾಂತೆತಿಯೆನ್ ಪಟ್ಟಣದ ಪೋಲ್ ದ ವಿವಿ. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡವನು. ವೆಲೋಸಿಯೋ ಎಂಬ ಕಾವ್ಯನಾಮದಿಂದ ಸೈಕಲ್ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಈತ ಸಸ್ಯಾಹಾರಿ. ಏರಿನಲ್ಲಿ ಹಗುರ, ಇಳಿಜಾರಿನಲ್ಲಿ ವೇಗ ಆಗುವಂತೆ ಸೈಕಲ್ಲಿಗೆ ಹಲವು ಗೇರುಗಳಿರಬೇಕೆಂದು ಈತ ಜೀವನವಿಡೀ ವಾದಿಸಿದ. ಗೇರು ಬದಲಾಯಿಸುವುದು ನಲವತ್ತೈದು ದಾಟಿದವರಿಗೆ ಸರಿ, ಗಂಡಸಾದವನು ತನ್ನ ಸ್ನಾಯುಬಲದಿಂದ ಏರಬೇಕು ಎಂಬರ್ಥದಲ್ಲಿ ದೆಗ್ರಾಂಜ್ ಹೀಯಾಳಿಸಿದ. ಆ ವಯಸ್ಸಿನ ಹೊಸ್ತಿಲಲ್ಲಿ ನಿಂತಿರುವ ನಾನು ಈ ಮಾತಿಗೆ ನಕ್ಕೆ. ನನ್ನ ಮೊಣಕಾಲುಗಳು ನಗಲಿಲ್ಲ. ಹಗುರಾದ ಗೇರು ಸೋಮಾರಿತನವಲ್ಲ, ಕೀಲುಗಳ ಉಳಿತಾಯ. ಫ್ರಾನ್ಸಿನ ಆ ಮಹಾಪಂದ್ಯ ಈ ಸತ್ಯಕ್ಕೆ ತಲೆಬಾಗಿ ಗೇರು ಬದಲಾಯಿಸುವ ಯಂತ್ರವನ್ನು ಒಪ್ಪಿದ್ದು 1937ರಲ್ಲಿ.

ವೆಲೋಸಿಯೋ ಸವಾರರಿಗೆ ಕೆಲವು ವಿಧಿಗಳನ್ನು ಬರೆದಿಟ್ಟ. ಅವುಗಳ ಸಾರ ಇಷ್ಟು: ನಿಲ್ಲುವುದು ಕಡಮೆ ಇರಲಿ, ಚಿಕ್ಕದಾಗಿರಲಿ, ಹಸಿವಾಗುವ ಮೊದಲೇ ಉಣ್ಣು, ಬಾಯಾರುವ ಮೊದಲೇ ಕುಡಿ, ಮರುದಿನ ಊಟ ನಿದ್ದೆ ಸೇರದಷ್ಟು ದಣಿಯಬೇಡ, ಡಂಭಕ್ಕಾಗಿ ಎಂದೂ ತುಳಿಯಬೇಡ. ದಣಿವಿನ ಅಳತೆಗೋಲು ಎಲ್ಲಿದೆ ನೋಡಿ. ಇವತ್ತು ಎಷ್ಟು ಹೋದೆ ಎಂಬುದರಲ್ಲಿ ಅಲ್ಲ, ನಾಳೆ ಉಣ್ಣಬಲ್ಲೆಯಾ, ಮಲಗಬಲ್ಲೆಯಾ ಎಂಬುದರಲ್ಲಿ.

ಇದೆಲ್ಲ ದೂರದ ದೇಶದ ಮಾತಾಯಿತು. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1923ರ ಅಕ್ಟೋಬರ್ 15ರಂದು, ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಇರಾನ್, ಇರಾಕ್‌ಗಳ ಮರುಭೂಮಿ, ಯೂರೋಪು, ಅಮೆರಿಕ, ಜಪಾನ್, ಚೀನಗಳನ್ನು ಸುತ್ತಿ 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದವರು ಮೂವರು: ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ. ಅವರು ಬರೆದ ಪ್ರವಾಸಕಥನ 1931ರಲ್ಲಿ ಅಚ್ಚಾಯಿತು. ಕ್ರಮಿಸಿದ ದೂರ ಸುಮಾರು 71,000 ಕಿಲೋಮೀಟರು.

ನಾನು ಕಾಗದ ಹಿಡಿದು ಲೆಕ್ಕ ಮಾಡಿದೆ. ಹೊರಟ ದಿನದಿಂದ ಮರಳಿದ ದಿನದವರೆಗೆ 1,616 ದಿನ. ಸರಾಸರಿ ದಿನಕ್ಕೆ 44 ಕಿಲೋಮೀಟರು! ಉತ್ತರ ಸರಿಯಿದೆಯೇ ಎಂದು ಎರಡು ಸಲ ನೋಡಿದೆ. ಏಕೆಂದರೆ ಈ ಸಂಖ್ಯೆಯನ್ನು ನಾನು ಬಲ್ಲೆ. ಅದು ನಮ್ಮ ತಂದೆಯವರ ಸಂತೆಯ ಹಾದಿ.

ನಮ್ಮದು ರಾಯಬಾಗ ತಾಲೂಕಿನ ಪಾಲಬಾವಿ. ಕೃಷ್ಣೆಗೂ ಘಟಪ್ರಭೆಗೂ ನಡುವಣ ಕರಿಯ ಭೂಮಿ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ತುಂಬಿಕೊಂಡು, ಏರಿದವನೇ ಸೈಕಲ್ಲನ್ನು ಹೊರಬೇಕಾಗುತ್ತಿತ್ತು. ತಂದೆಯವರು ಮಹಾಲಿಂಗಪುರ, ರಬಕವಿಗಳ ನೇಕಾರರಿಂದ ಸೀರೆಯ ಗಂಟು ತಂದು ಸುತ್ತಲಿನ ಸಂತೆಗಳಲ್ಲಿ ಮಾರುತ್ತಿದ್ದರು. ಹೋಗಿ ಬರುವುದು ಸೇರಿ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಮೈಲಿ. ಸ್ವಾತಂತ್ರ್ಯಕ್ಕೆ ಮೊದಲು ಸೈಕಲ್ಲೆಂದರೆ ಬಹುಮಟ್ಟಿಗೆ ವಿಲಾಯಿತಿಯ ಸರಕು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಕಾರಖಾನೆಗಳು ಹುಟ್ಟಿದ ಮೇಲೆ ಅದು ಹಳ್ಳಿಯ ಮನೆಯ ಜಗಲಿಗೂ ಬಂತು. ತಂದೆಯವರದು ಅಂಥ ಒಂದು ಕರಿಯ ಸೈಕಲ್ಲು. ಇಪ್ಪತ್ತು ಕಿಲೋಗ್ರಾಮಿನಷ್ಟು ಉಕ್ಕು, ದಪ್ಪ ಟೈರು, ಸ್ಪ್ರಿಂಗಿನ ಅಗಲ ಸೀಟು, ಎತ್ತರದ ಹ್ಯಾಂಡಲ್ಲು. ಏರಿ ಕುಳಿತರೆ ಬೆನ್ನು ನೆಟ್ಟಗೆ. ಅಂಗೈಯ ಮೇಲೆ ಭಾರವಿಲ್ಲ. ವೇಗವಿಲ್ಲ, ಅಂದವಿಲ್ಲ. ಆದರೆ ಅವರ ಬೆರಳು ಜೋಮು ಹಿಡಿದದ್ದನ್ನು ನಾನು ಕೇಳಿಲ್ಲ.

ವಾರದಲ್ಲಿ ಒಂದು ದಿನ, ಸೋಮವಾರ, ಅವರು ಸೈಕಲ್ಲು ಮುಟ್ಟುತ್ತಿರಲಿಲ್ಲ. ಮಲ್ಲಯ್ಯನ ವಾರ ಎಂದು ನಾವು ತಿಳಿದಿದ್ದೆವು. ಅಂದು ಬೆಳಿಗ್ಗೆ ಚೈನಿಗೆ ಎಣ್ಣೆ ಬಿಟ್ಟು, ಅದೇ ಕೈಯಲ್ಲಿ ಒಳಗಿನಿಂದ ಕುಸುಬೆಯ ಎಣ್ಣೆ ತರಿಸಿ ಮೊಣಕಾಲು ಮೀನಖಂಡಗಳಿಗೆ ತಿಕ್ಕಿಕೊಳ್ಳುವರು. ಒಮ್ಮೆ ಸೋಮವಾರದ ಸಂತೆಗೆ ಬಾ ಎಂದು ಕರೆಯಲು ಬಂದ ಜೊತೆಗಾರನಿಗೆ ಹೇಳಿದರು: "ಗಾಡಿಗೆ ಎಣ್ಣಿ ಹಾಕ್ತಿ, ಮೈಗೆ ಹಾಕೂದು ಬ್ಯಾಡೇನಪಾ? ಗಾಡಿ ಮುರದ್ರ ಅಂಗಡ್ಯಾಗ ಸಾಮಾನ ಸಿಗತಾವು."

ಈ ಬುದ್ಧಿ ಅವರಿಗೆ ಬಂದದ್ದು ತಾಲೀಮಿನಿಂದ. ನಮ್ಮ ರಾಯಬಾಗದ ಸೀಮೆ 1949ರವರೆಗೆ ಕೊಲ್ಲಾಪುರ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ, 1912ರಲ್ಲಿ ಅವರು ಕಟ್ಟಿಸಿದ ಖಾಸಬಾಗ್ ಮೈದಾನ, ಇವುಗಳ ಕೀರ್ತಿ ಈ ಸೀಮೆಯ ಹಳ್ಳಿಹಳ್ಳಿಗೂ ಹಬ್ಬಿತ್ತು. ತಾಲೀಮಿನಲ್ಲಿ ಪಟ್ಟು ಕಲಿಸುವಷ್ಟೇ ಶ್ರದ್ಧೆಯಿಂದ ಮಾಲೀಸು, ಹಾಲು, ನಿದ್ದೆಗಳನ್ನೂ ಕಲಿಸುತ್ತಿದ್ದರು. ಕುಸ್ತಿಯಾಡಿ ಬಂದವನನ್ನು ಉಸ್ತಾದರು ಮರುದಿನವೇ ಕಣಕ್ಕೆ ಇಳಿಸುತ್ತಿರಲಿಲ್ಲ. ವಿಶ್ರಾಂತಿ ಅಲ್ಲಿ ಸಾಧನೆಯ ಒಂದು ಭಾಗ, ಅದಕ್ಕೆ ಕಳಂಕವಲ್ಲ.

ಇಂದಿನ ಶರೀರಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ದೂರದ ಸವಾರಿಯಲ್ಲಿ ದೇಹದ ಎಲ್ಲ ಅಂಗಗಳೂ ಒಟ್ಟಿಗೆ ದಣಿಯುತ್ತವೆ. ಆದರೆ ಒಟ್ಟಿಗೆ ಚೇತರಿಸಿಕೊಳ್ಳುವುದಿಲ್ಲ. ಸ್ನಾಯುಗಳಲ್ಲಿ ಶೇಖರವಾಗಿರುವ ಸಕ್ಕರೆಯ ಅಂಶ ತೀರಿದರೆ, ರೊಟ್ಟಿ, ಅನ್ನ, ಬೆಲ್ಲಗಳನ್ನು ಚೆನ್ನಾಗಿ ಉಂಡವನಿಗೆ ಅದು ಒಂದು ದಿನದಲ್ಲಿ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಬೆವರಿನಲ್ಲಿ ಹೋದ ನೀರಿನ ಜೊತೆಗೆ ಉಪ್ಪನ್ನೂ ಮರಳಿ ಕೊಡಬೇಕು. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಉಪ್ಪು ಕಡಮೆಯಾಗಿ ಪ್ರಾಣಕ್ಕೇ ಕುತ್ತು. ಈ ವಿಷಯದಲ್ಲಿ ನಮ್ಮ ಉಪ್ಪು ಹಾಕಿದ ಮಜ್ಜಿಗೆಯ ಜಾಣತನ ದೊಡ್ಡದು. ಸ್ನಾಯುಗಳ ನೋವು ಎರಡನೆಯ ಮೂರನೆಯ ದಿನ ಏರಿ ಆಮೇಲೆ ಇಳಿಯುತ್ತದೆ. ಗಾಢನಿದ್ರೆಯಲ್ಲಿ ದೇಹ ತನ್ನ ರಿಪೇರಿಯನ್ನು ನಡೆಸುತ್ತದೆ. ಅದುಮಿದ ನರಕ್ಕೆ ಮಾತ್ರ ಈ ಅವಸರವಿಲ್ಲ. ಅದು ವಾರಗಳನ್ನು ಕೇಳುತ್ತದೆ, ಕೆಲವೊಮ್ಮೆ ತಿಂಗಳುಗಳನ್ನು. ಅಪಾಯವಿರುವುದು ಇಲ್ಲಿಯೇ. ಮೂರು ದಿನಕ್ಕೆ ಕಾಲು ಸಿದ್ಧವಾಗುತ್ತದೆ, ಮನಸ್ಸು ಅದಕ್ಕೂ ಮೊದಲೇ ಸಿದ್ಧವಾಗುತ್ತದೆ. ಹಿಂದುಳಿದ ಬೆರಳಿಗಾಗಿ ಯಾರೂ ಕಾಯುವುದಿಲ್ಲ.

ಹಾಗಾದರೆ ಪಂದ್ಯವೆಂಬುದು ಮೈಯ ಶತ್ರುವೇ? ಹಾಗೆನ್ನಲಾಗದು. ಇಂಗ್ಲೆಂಡಿನ ಮೈಕ್ ಹಾಲ್ ಎಂಬ ಸವಾರನು 2013ರಲ್ಲಿ ಯೂರೋಪು ಖಂಡವನ್ನು ದಾಟುವ ಪಂದ್ಯವನ್ನು ಸ್ಥಾಪಿಸಿದ. ಇಲ್ಲಿ ಹಂತಗಳಿಲ್ಲ, ಬಿಡುವಿನ ದಿನಗಳಿಲ್ಲ. ಹೊರಟ ಗಡಿಯಾರ ಗುರಿ ಮುಟ್ಟುವವರೆಗೆ ನಿಲ್ಲದು. ಸವಾರನಿಗೆಂದೇ ಯಾರೂ ಸಹಾಯಕ್ಕೆ ಬರುವಂತಿಲ್ಲ. ಆದರೆ ದಾರಿಯಲ್ಲಿ ಎಲ್ಲರಿಗೂ ತೆರೆದಿರುವ ಅಂಗಡಿ, ಖಾನಾವಳಿ, ರಿಪೇರಿಯವನ ನೆರವನ್ನು ಯಾರೂ ಪಡೆಯಬಹುದು. ಹೀಗೆ ನೂರು ವರ್ಷಗಳ ತರುವಾಯ ನಿಯಮವೇ ತಿರುಗಿತು. ಎಲ್ಲರಿಗೂ ತೆರೆದ ಕುಲುಮೆಯಾಗಿದ್ದರೆ ಇಂದು ಆ ಹುಡುಗ ತಿದಿ ಒತ್ತಿದ್ದಕ್ಕೆ ದಂಡ ಬೀಳುತ್ತಿರಲಿಲ್ಲ. ಈ ಪಂದ್ಯವನ್ನು 2019ರಲ್ಲಿ ಗೆದ್ದವಳು ಜರ್ಮನಿಯ ಫಿಯೋನಾ ಕೋಲ್ಬಿಂಗರ್ ಎಂಬ ತರುಣಿ, ವೈದ್ಯವಿದ್ಯೆಯ ವಿದ್ಯಾರ್ಥಿನಿ; ಇದನ್ನು ಗೆದ್ದ ಮೊದಲ ಮಹಿಳೆ. ಕಪ್ಪು ಸಮುದ್ರದ ದಂಡೆಯ ಬುರ್ಗಾಸ್‌ನಿಂದ ಹೊರಟು ಸುಮಾರು 4,000 ಕಿಲೋಮೀಟರನ್ನು ಹತ್ತು ದಿನ ಎರಡು ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ಗುರಿ ಯಾವುದು ಗೊತ್ತೆ? ಅದೇ ಬ್ರೆಸ್ಟ್ ಪಟ್ಟಣ.

ಮತ್ತೆ ಲೆಕ್ಕ ಮಾಡಿದೆ. ತೆರೋಂ ನಿದ್ದೆಯಿಲ್ಲದೆ ಹೋದದ್ದು ದಿನಕ್ಕೆ ಸುಮಾರು 400 ಕಿಲೋಮೀಟರು, ಮೂರು ದಿನ. ಕೋಲ್ಬಿಂಗರ್ ಹೋದದ್ದೂ ದಿನಕ್ಕೆ ಸುಮಾರು 400 ಕಿಲೋಮೀಟರೇ. ಆದರೆ ರಾತ್ರಿ ಕೆಲವು ಗಂಟೆ ಮಲಗಿ, ಹತ್ತು ದಿನ. ನಡುವೆ 128 ವರ್ಷಗಳಲ್ಲಿ ಗೇರು ಬಂದವು, ರಸ್ತೆಗೆ ಡಾಂಬರು ಬಂತು, ಸೈಕಲ್ಲು ಹಗುರಾಯಿತು. ಆ ಸೌಕರ್ಯವೆಲ್ಲ ಸೇರಿ ಈ ಹುಡುಗಿಗೆ ದಿನದ ದೂರವನ್ನು ಹೆಚ್ಚಿಸಿಕೊಡಲಿಲ್ಲ. ಅಷ್ಟೇ ದೂರ ಹೋಗಿ ಮಲಗಿ ಏಳುವ ಅವಕಾಶವನ್ನು ಕೊಟ್ಟಿತು. ಸೈಕಲ್ಲನ್ನು ಆರಿಸುವುದರ ಅರ್ಥ ಇದೇ ಎಂದು ನನಗೆ ತೋರುತ್ತದೆ. ಒಳ್ಳೆಯ ಸೈಕಲ್ಲು ನಮ್ಮ ದೇಹದಿಂದ ಹೆಚ್ಚು ಕಸಿಯುವುದಲ್ಲ, ಕಡಮೆ ಕೇಳುವುದು.

ಸೋದರಳಿಯನಿಗೆ ನಾನು ಬರೆದ ಉತ್ತರ ಚಿಕ್ಕದು. ಉಕ್ಕಿನ ಚೌಕಟ್ಟಿನದನ್ನು ತೆಗೆದುಕೋ. ಟೈರು ಅಗಲವಿರಲಿ, ಗಾಳಿ ಮಿತವಾಗಿರಲಿ. ಹ್ಯಾಂಡಲ್ಲು ಸೀಟಿಗಿಂತ ತಗ್ಗಿನಲ್ಲಿ ಬೇಡ. ಏರಿಗೆ ಹಗುರಾದ ಗೇರೊಂದು ಇರಲಿ. ಅಂಗಡಿಯಲ್ಲಿ ಕುಳಿತು ನೋಡಿದಾಗ ಅಂಗೈಗೆ ಭಾರ ಬಿದ್ದರೆ ಬೆಲೆ ಎಷ್ಟೇ ಇಳಿಸಿದರೂ ತರಬೇಡ. ಆದರೆ ಇದನ್ನೆಲ್ಲ ಕೊಳ್ಳುವುದು ಬೆರಳಿಗೆ ಸ್ಪರ್ಶ ಬಂದ ಮೇಲೆ. ಬಿರುದು ಈ ಅಕ್ಟೋಬರಿಗೆ ತಪ್ಪಿದರೆ ನವೆಂಬರಿನಲ್ಲಿ ಹೊಸ ವರ್ಷ ಆರಂಭವಾಗುತ್ತದೆ, ಹಾದಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಳಗೆ ಅವರಜ್ಜನ ಸೋಮವಾರದ ಮಾತನ್ನೂ ಬರೆದೆ.

ಅವನು ಮರುಮಾತು ಬರೆಯಲಿಲ್ಲ. ಮಾಸ್ತರರ ಉಪದೇಶ ಎಂದು ನೊಂದಿರಬಹುದು. ಆ ವಯಸ್ಸಿನಲ್ಲಿ ನಾನಾದರೂ ಏನು ಕೇಳುತ್ತಿದ್ದೆ? ಅಕ್ಟೋಬರು ಕಳೆಯಿತು. ಅವನು ಹೋಗಲಿಲ್ಲ ಎಂದು ತಿಳಿಯಿತು. ಕಳೆದ ವಾರ ತಂಗಿ ಪಾಲಬಾವಿಯಿಂದ ಫೋನು ಮಾಡಿದ್ದಳು. ಮಳೆ, ಕಬ್ಬು, ಬೀಗರ ಮನೆಯ ಸುದ್ದಿಗಳೆಲ್ಲ ಮುಗಿದ ಮೇಲೆ ಹೇಳಿದಳು: "ಅಣ್ಣಾ, ಮುಂಜಾನಿ ಅಂವಾ ಅಂಗೀ ಗುಂಡಿ ತಾನ ಹಾಕ್ಕೊಂಡ ನೋಡು, ಮ್ಯಾಲಿಂದೂ ಸೈತ." ಸೈಕಲ್ಲಿನ ಮಾತು ತೆಗೆದನೇ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಜಗಲಿಯ ಮೂಲೆಯಲ್ಲಿ ಒರಗಿದ್ದ ಅಜ್ಜನ ಸೈಕಲ್ಲನ್ನು ಹೊರಗೆ ತೆಗೆದು ಚೈನಿಗೆ ಎಣ್ಣೆ ಬಿಡುತ್ತಿದ್ದನಂತೆ.